ಬೀಗದೊಳಗಿನ ಜೀವದಾನ

ಸಿನಿಮಾ ಥಿಯೇಟರಿನಲ್ಲಿ, ಬಟ್ಟೆ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಗೋಡೆಗೆ ನೇತುಹಾಕಿರುವ ಕೆಂಪು ಬಣ್ಣದ, ಬೆಂಕಿ ಆರಿಸುವ ಸಿಲಿಂಡರನ್ನು ನೀವೆಲ್ಲ ನೋಡಿರುತ್ತೀರಿ. ಅದಕ್ಕೆ ಯಾರೂ ಬೀಗ ಹಾಕುವುದಿಲ್ಲ. ಸಾಹೇಬರ ಕೋಣೆಯ ಬೀರುವಿನಲ್ಲಿ ಇಡುವುದಿಲ್ಲ. ಬೆಂಕಿ ಬಿದ್ದಾಗ ಹತ್ತಿರ ಇದ್ದವರು ಯಾರಾದರೂ ಎತ್ತಿಕೊಂಡು ಓಡಲಿ ಎಂದೇ ಅದನ್ನು ಅಲ್ಲಿಟ್ಟಿರುವುದು. ಆದರೆ ಮನುಷ್ಯನ ಎದೆಯೇ ನಿಂತುಹೋದಾಗ ಅದನ್ನು ಮತ್ತೆ ಚಾಲೂ ಮಾಡಬಲ್ಲ ಯಂತ್ರವೊಂದು ನಮ್ಮ ಊರುಗಳಿಗೆ ಒಂದೊಂದಾಗಿ ಬರತೊಡಗಿದೆಯಲ್ಲ, ಅದಕ್ಕೆ ಮಾತ್ರ ಬೀಗ, ಕೀಲಿಕೈ, ರಿಜಿಸ್ಟರು, ಸಾಹೇಬರ ಅಪ್ಪಣೆ ಎಲ್ಲವೂ ಬೇಕು. ಈ ವಿಚಿತ್ರ ನ್ಯಾಯದ ಬಗ್ಗೆ ನಾಲ್ಕು ಮಾತು ಆಡಲೇಬೇಕೆಂದು ಕುಳಿತಿದ್ದೇನೆ.

ನಾನು ಡಾಕ್ಟರಲ್ಲ. ಬಿ.ಎ., ಬಿ.ಎಡ್. ಮಾಡಿಕೊಂಡು, ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಾ ತಲೆ ನರೆಸಿಕೊಂಡವಳು. ‘ಇದೆಲ್ಲ ನಿಮಗ್ಯಾಕೆ ಟೀಚರ್, ಡಾಕ್ಟರು ನೋಡಿಕೊಳ್ಳುತ್ತಾರೆ ಬಿಡಿ’ ಎನ್ನುವವರು ಇದ್ದಾರೆ. ನನ್ನ ತಕರಾರು ಇರುವುದೇ ಅಲ್ಲಿ. ಈ ಯಂತ್ರವನ್ನು ಮಾಡಿರುವುದು ಡಾಕ್ಟರಿಗಾಗಿ ಅಲ್ಲ. ನಿಮಗಾಗಿ, ನನಗಾಗಿ, ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವಳಿಗಾಗಿ.

ಯಂತ್ರದ ಪೂರ್ತಿ ಹೆಸರು ಆಟೊಮೇಟೆಡ್ ಎಕ್ಸ್‌ಟರ್ನಲ್ ಡಿಫಿಬ್ರಿಲೇಟರ್. ಅಷ್ಟುದ್ದ ಹೆಸರು ನಾಲಿಗೆಗೆ ಭಾರವಾಗುವುದರಿಂದ ಎಲ್ಲರೂ ಎಇಡಿ ಎನ್ನುತ್ತಾರೆ. ಅದು ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ನಾವು ದಿನವೂ ಬೆರೆಸಿ ಆಡುವ ಎರಡು ಮಾತುಗಳನ್ನು ಮೊದಲು ಬೇರೆ ಮಾಡಬೇಕು. ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ಕೊಳವೆ ಕಟ್ಟಿಕೊಳ್ಳುವುದು. ಆಗ ಮನುಷ್ಯನಿಗೆ ಎದೆ ನೋಯುತ್ತದೆ, ಬೆವರುತ್ತದೆ, ಆದರೆ ಅವನು ಮಾತಾಡುತ್ತಿರುತ್ತಾನೆ. ಅವನನ್ನು ಆಸ್ಪತ್ರೆಗೆ ಒಯ್ಯಬೇಕು. ಹೃದಯ ಸ್ತಂಭನವೆಂದರೆ ಪಂಪಿನ ಕರೆಂಟೇ ಕೆಟ್ಟಂತೆ. ಎಷ್ಟೋ ಸಲ ಹೃದಯ ಪೂರ್ತಿ ನಿಲ್ಲುವುದಕ್ಕೆ ಮೊದಲು ಲಯ ತಪ್ಪಿ, ಬಡಿಯುವ ಬದಲು ಸುಮ್ಮನೆ ಅದುರತೊಡಗುತ್ತದೆ. ರಕ್ತ ಮುಂದಕ್ಕೆ ಹೋಗುವುದಿಲ್ಲ. ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ, ಕರೆದರೆ ಓಗೊಡುವುದಿಲ್ಲ, ಸರಿಯಾಗಿ ಉಸಿರಾಡುವುದಿಲ್ಲ. ಮೊದಲನೆಯದರಿಂದ ಎರಡನೆಯದು ಆಗಬಹುದು. ಎರಡನೆಯದು ಆದಮೇಲೆ ಉಳಿದಿರುವುದು ಗಂಟೆಗಳ ಲೆಕ್ಕವಲ್ಲ, ನಿಮಿಷಗಳ ಲೆಕ್ಕ. ಯಾರೂ ಏನೂ ಮಾಡದೆ ನಿಂತರೆ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಹತ್ತು ನಿಮಿಷ ಕಳೆದರೆ ಉಳಿಯುವುದೇನು ಎಂಬ ಕೂಡು-ಕಳೆಯುವ ಲೆಕ್ಕ ಮೂರನೇ ಕ್ಲಾಸಿನ ಮಗುವಿಗೂ ಬರುತ್ತದೆ.

ಆ ಅದುರುವಿಕೆಯನ್ನು ಒಂದು ವಿದ್ಯುತ್ ಹೊಡೆತದಿಂದ ನಿಲ್ಲಿಸಿದರೆ ಹೃದಯ ತನ್ನ ಲಯವನ್ನು ತಾನೇ ಹಿಡಿಯಬಹುದು. 1965ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನ ಡಾಕ್ಟರ್ ಫ್ರಾಂಕ್ ಪ್ಯಾಂಟ್ರಿಜ್ ಈ ಯಂತ್ರವನ್ನು ಮೊದಲ ಬಾರಿಗೆ ಆಂಬುಲೆನ್ಸಿಗೆ ಹತ್ತಿಸಿದರು. ಅದು ಕಾರಿನ ಬ್ಯಾಟರಿಯಿಂದ ನಡೆಯುತ್ತಿತ್ತು, ತೂಕ ಸುಮಾರು 70 ಕಿಲೊ. ಇಂದು ಅದು ನಮ್ಮ ಮಕ್ಕಳ ಸ್ಕೂಲ್ ಬ್ಯಾಗಿಗಿಂತ ಹಗುರ. ಮುಚ್ಚಳ ತೆಗೆದರೆ ಅಥವಾ ಗುಂಡಿ ಒತ್ತಿದರೆ ತಾನೇ ಮಾತಾಡುತ್ತದೆ: ಎದೆಯ ಬಟ್ಟೆ ತೆಗೆಯಿರಿ, ಪ್ಯಾಡುಗಳನ್ನು ಚಿತ್ರದಲ್ಲಿ ತೋರಿಸಿದ ಕಡೆ ಅಂಟಿಸಿ, ರೋಗಿಯನ್ನು ಯಾರೂ ಮುಟ್ಟಬೇಡಿ. ಒಂದು ಪ್ಯಾಡು ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗಿನ ಪಕ್ಕೆಗೆ. ಆಮೇಲೆ ಹೃದಯದ ಲಯವನ್ನು ಯಂತ್ರವೇ ಓದುತ್ತದೆ. ಷಾಕ್ ಬೇಕಾದರೆ ಮಾತ್ರ ಗುಂಡಿ ಒತ್ತಲು ಹೇಳುತ್ತದೆ. ಬೇಡವಾದರೆ, ನೀವು ಎಷ್ಟು ಒತ್ತಿದರೂ ಷಾಕ್ ಕೊಡುವುದಿಲ್ಲ. ‘ತಿಳಿಯದವರು ಮುಟ್ಟಿದರೆ ಬದುಕಿರುವವರಿಗೆ ಕರೆಂಟು ಹೊಡೆಸಿಬಿಡುತ್ತಾರೆ’ ಎನ್ನುವ ಭಯಕ್ಕೆ ಯಂತ್ರ ಮಾಡಿದವರೇ ಉತ್ತರ ಕೊಟ್ಟಿದ್ದಾರೆ.

ತಿಳಿಯದವರು ಎಂದೆನಲ್ಲ, ಅದಕ್ಕೊಂದು ಲೆಕ್ಕ ಕೇಳಿ. 1999ರಲ್ಲಿ ಅಮೆರಿಕದಲ್ಲಿ ಒಂದು ಪರೀಕ್ಷೆ ಮಾಡಿದರು. ಆರನೇ ತರಗತಿಯ 15 ಮಕ್ಕಳು ಒಂದು ಕಡೆ, ಆಂಬುಲೆನ್ಸಿನಲ್ಲಿ ದುಡಿದು ಪಳಗಿದ 22 ಜನ ಇನ್ನೊಂದು ಕಡೆ. ಬೊಂಬೆಯ ಮೇಲೆ ಎಇಡಿ ಬಳಸಬೇಕು. ಪಳಗಿದವರಿಗೆ ಷಾಕ್ ಕೊಡಲು ಸರಾಸರಿ 67 ಸೆಕೆಂಡು ಬೇಕಾಯಿತು. ಆ ಮಕ್ಕಳಿಗೆ 90 ಸೆಕೆಂಡು. ವ್ಯತ್ಯಾಸ 23 ಸೆಕೆಂಡು! ನಮ್ಮ ಕಚೇರಿಗಳಲ್ಲಿ ಬೀಗದ ಕೈ ಹುಡುಕಲು ಎಷ್ಟು ಸೆಕೆಂಡು ಬೇಕೆಂದು ಯಾರಾದರೂ ಪರೀಕ್ಷೆ ಮಾಡಿದ್ದಾರೆಯೇ?

ಚಿಕಾಗೋ ನಗರದ ವಿಮಾನ ನಿಲ್ದಾಣಗಳಲ್ಲಿ ಒಂದೊಂದೂವರೆ ನಿಮಿಷದ ನಡಿಗೆಗೆ ಒಂದರಂತೆ ಈ ಯಂತ್ರಗಳನ್ನು ಬೀಗವಿಲ್ಲದೆ ಇಟ್ಟು, ಎರಡು ವರ್ಷ ಏನಾಯಿತೆಂದು ಬರೆದಿಟ್ಟರು. ಆ ವರದಿ 2002ರಲ್ಲಿ ಪ್ರಕಟವಾಯಿತು. ಹೃದಯ ಅದುರುವ ಸ್ಥಿತಿಯಲ್ಲಿ ಕುಸಿದವರು 18 ಜನ, ಅವರಲ್ಲಿ 11 ಜನ ಬದುಕಿದರು. ಆ 11ರಲ್ಲಿ 6 ಜನರನ್ನು ಉಳಿಸಿದವರಿಗೆ ಆ ಯಂತ್ರದ ತರಬೇತಿಯಾಗಲಿ ಅನುಭವವಾಗಲಿ ಇರಲಿಲ್ಲ. ಅಂಥವರಲ್ಲಿ ಮೂವರು ವೈದ್ಯಕೀಯ ಓದಿದವರು ಎಂಬುದನ್ನೂ ಹೇಳಿಬಿಡುತ್ತೇನೆ, ಲೆಕ್ಕ ಮುಚ್ಚಿಡುವುದು ಟೀಚರಿಗೆ ಶೋಭಿಸುವುದಿಲ್ಲ. ಲಾಸ್ ವೆಗಾಸಿನ ಜೂಜುಕೋಣೆಗಳಲ್ಲಿ ಕಾವಲುಗಾರರಿಗೆ ಈ ಯಂತ್ರ ಕಲಿಸಿದ ವರದಿ 2000ದಲ್ಲಿ ಬಂತು. ಕುಸಿದು ಮೂರು ನಿಮಿಷದೊಳಗೆ ಷಾಕ್ ಸಿಕ್ಕವರಲ್ಲಿ ನೂರಕ್ಕೆ 74 ಜನ ಬದುಕಿ ಮನೆಗೆ ಹೋದರು. ಮೂರು ನಿಮಿಷ ದಾಟಿದಮೇಲೆ ಸಿಕ್ಕವರಲ್ಲಿ ನೂರಕ್ಕೆ 49. ಜೂಜಾಡುವವರ ಜೀವಕ್ಕೆ ಅಲ್ಲಿನ ಕಾವಲುಗಾರ ಕೊಟ್ಟ ಬೆಲೆಯನ್ನು ನಮ್ಮ ಊರಿನಲ್ಲಿ ಪಿಂಚಣಿ ತೆಗೆದುಕೊಳ್ಳಲು ಸಾಲಿನಲ್ಲಿ ನಿಂತ ಅಜ್ಜಿಯ ಜೀವಕ್ಕೆ ನಾವು ಕೊಡಬಾರದೇ?

2024ರಲ್ಲಿ ಸ್ವಂತ ಕೆಲಸದ ಮೇಲೆ ನಮ್ಮೂರಿನ ಒಂದು ಕಚೇರಿಗೆ ಹೋಗಿದ್ದೆ. ಹಿಂದಿನ ವರ್ಷ ಅಲ್ಲಿಗೆ ಯಾರೋ ದಾನಿಗಳು ಎಇಡಿ ಕೊಟ್ಟ ಫೋಟೊ ಪತ್ರಿಕೆಯಲ್ಲಿ ಬಂದಿದ್ದು ನೆನಪಿತ್ತು. ಹತ್ತು ಜನ ಸಾಲಾಗಿ ನಿಂತು ಒಂದು ಪೆಟ್ಟಿಗೆಯನ್ನು ಹಿಡಿದುಕೊಂಡ ಫೋಟೊ. ಗೋಡೆಯ ಮೇಲೆಲ್ಲೂ ಕಾಣಲಿಲ್ಲ. ವಿಚಾರಿಸಿದೆ.

‘ಸೇಫ್ ಆಗಿದೆ ಮೇಡಂ. ಸಾಹೇಬ್ರ ಛೇಂಬರಿನ ಬೀರುವಿನಲ್ಲಿದೆ.’

‘ಬೀರುವಿನ ಕೀ?’

‘ಸಾಹೇಬ್ರ ಹತ್ರ.’

‘ಸಾಹೇಬ್ರು?’

‘ಮೀಟಿಂಗಿಗೆ ಹೋಗಿದ್ದಾರೆ, ಸಾಯಂಕಾಲ ಬರ್ತಾರೆ. ನೀವು ಕೂತ್ಕೊಳ್ಳಿ ಮೇಡಂ, ಯಾಕೆ, ಯಾರಿಗಾದರೂ ಬೇಕಿತ್ತಾ?’

ಆ ಮನುಷ್ಯ ಕೆಟ್ಟವನಲ್ಲ. ಕುರ್ಚಿ ಕೊಟ್ಟ, ನೀರು ತರಿಸಿದ. ‘ಗೋಡೆಗೆ ಯಾಕೆ ಹಾಕಿಲ್ಲ?’ ಎಂದು ಕೇಳಿದ್ದಕ್ಕೆ, ‘ಒಂದು ಲಕ್ಷದ ಮಾಲು ಮೇಡಂ. ಕದ್ದುಕೊಂಡು ಹೋದ್ರೆ ನಮ್ಮ ಸಂಬಳದಲ್ಲಿ ಹಿಡೀತಾರೆ’ ಎಂದ. ಅವನ ಮಾತಿನಲ್ಲಿ ಸುಳ್ಳಿಲ್ಲ. ಯಂತ್ರ ಕಳೆದರೆ ಕೇಳುವವರಿದ್ದಾರೆ, ಜೀವ ಹೋದರೆ ಕೇಳುವವರಿಲ್ಲ. ತಪ್ಪು ಆ ಗುಮಾಸ್ತನದಲ್ಲ, ಅವನಿಗೆ ಆ ಭಯ ಹುಟ್ಟಿಸಿದ ವ್ಯವಸ್ಥೆಯದು. ಬಾಗಿಲು ತೆಗೆದ ಕೂಡಲೇ ಜೋರಾಗಿ ಕೂಗಿಕೊಳ್ಳುವ ಪೆಟ್ಟಿಗೆಗಳು ಸಿಗುತ್ತವೆ. ಕಳ್ಳನಿಗೂ ಅದು ಎಚ್ಚರಿಕೆ, ಸುತ್ತಲಿನವರಿಗೂ ಅದು ಕರೆ. ದಾನ ಬಂದ ದಿನವೇ, ‘ಇದು ಕಳೆದರೆ ಸಿಬ್ಬಂದಿ ಹೊಣೆಯಲ್ಲ’ ಎಂದು ಒಂದು ಆದೇಶ ಬರೆದಿಟ್ಟರೆ ಬೀಗದ ಅರ್ಧ ಕಾರಣ ಅಲ್ಲೇ ಕರಗಿಹೋಗುತ್ತದೆ.

ಬೀಗವಷ್ಟೇ ಅಲ್ಲ, ಬಾಗಿಲು ಮುಚ್ಚುವ ವೇಳೆಯನ್ನೂ ನೋಡಬೇಕು. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಈ ಯಂತ್ರಗಳು ಧಾರಾಳವಾಗಿದ್ದವು. 2013ರ ವರದಿಯೊಂದರಲ್ಲಿ ಎಣಿಸಿ ನೋಡಿದರೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕೈಗೆ ಸಿಗುತ್ತಿದ್ದವು ನೂರಕ್ಕೆ 9 ಮಾತ್ರ. ಸಂಜೆ, ರಾತ್ರಿ, ರಜಾದಿನಗಳಲ್ಲಿ ಅವುಗಳ ಉಪಯೋಗ ಅರ್ಧಕ್ಕಿಂತ ಕೆಳಗಿಳಿಯುತ್ತಿತ್ತು. ಕಚೇರಿ ಬಾಗಿಲು ಹಾಕಿತು, ಯಂತ್ರವೂ ಒಳಗೆ ಮಲಗಿತು. ಅಷ್ಟು ಶಿಸ್ತಿನ ದೇಶದಲ್ಲೇ ಹಾಗಾದರೆ, ಎರಡನೇ ಶನಿವಾರ, ನಾಲ್ಕನೇ ಶನಿವಾರ, ಜಯಂತಿ ರಜೆಗಳ ನಮ್ಮ ನಾಡಿನಲ್ಲಿ ಯಂತ್ರವನ್ನು ಕಚೇರಿಯೊಳಗೆ ಇಡುವುದಕ್ಕೆ ಅರ್ಥವಿದೆಯೇ?

ಈಗ ನಮ್ಮ ಹೆಂಗಸರ ಪಾಲಿನ ಮಾತಿಗೆ ಬರುತ್ತೇನೆ. ಈ ಲೇಖನ ಬರೆಯಲು ನನ್ನನ್ನು ಕೂರಿಸಿದ್ದು ಇದೇ.

2018ರ ಏಪ್ರಿಲ್‌ನಲ್ಲಿ ನಾನು ಎಸ್‌ಎಸ್‌ಎಲ್‌ಸಿ ಪೇಪರು ತಿದ್ದಲು ಪರ ಊರಿಗೆ ಹೋಗಿದ್ದೆ. ಆಗ ನಮ್ಮ ಬಳಗದಲ್ಲಿ ಒಂದು ಮದುವೆ. ನಮ್ಮ ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ, ಕಲ್ಯಾಣ ಮಂಟಪದಲ್ಲಿ ಊಟದ ಎಲೆಯ ಮುಂದಿನಿಂದ ಎದ್ದು ಕೈ ತೊಳೆಯಲು ಹೋದವರು ಹಾಗೇ ಕುಸಿದರು. ಮುನ್ನೂರು ಜನ ಇದ್ದ ಛತ್ರ. ನಡೆದದ್ದನ್ನು ಆಮೇಲೆ ಒಬ್ಬೊಬ್ಬರೂ ಅಳುತ್ತಾ ನನಗೆ ಹೇಳಿದರು. ಮುಖಕ್ಕೆ ನೀರು ಚಿಮುಕಿಸಿದರು. ಸೋಡಾ ತಂದರು. ಮೂರ್ಛೆ ರೋಗವೆಂದುಕೊಂಡು ಕೈಗೆ ಕಬ್ಬಿಣದ ಕೀಲಿಗೊಂಚಲು ಹಿಡಿಸಿದರು. ಅಂಗಾಲು ತಿಕ್ಕಿದರು. ಹೆಂಗಸರು ಸೀರೆಯ ಸೆರಗು ಹಿಡಿದು ಸುತ್ತಲೂ ಮರೆ ಮಾಡಿದರು, ಗಂಡಸರನ್ನು ಆಚೆ ಕಳಿಸಿದರು. ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಗಂಡಿನ ಕಡೆಯ ನೆಂಟರಲ್ಲಿ ಇದ್ದರಂತೆ. ‘ಎದೆ ಒತ್ತಬೇಕು, ಜಾಗ ಬಿಡಿ’ ಎಂದು ಮುಂದೆ ಬಂದರಂತೆ. ‘ಹೆಂಗಸು ಕಣಯ್ಯಾ, ಸ್ವಲ್ಪ ದೂರ ನಿಂತ್ಕೋ’ ಎಂದು ಹಿರಿಯರೊಬ್ಬರು ಅವರ ಕೈ ಹಿಡಿದು ಹಿಂದಕ್ಕೆ ಸರಿಸಿದರಂತೆ. ಕಾರಿನಲ್ಲಿ ಆಸ್ಪತ್ರೆ ಮುಟ್ಟುವಾಗ ಎಲ್ಲ ಮುಗಿದಿತ್ತು.

ಎದೆ ಒತ್ತಿದ್ದರೆ ಅತ್ತಿಗೆ ಬದುಕುತ್ತಿದ್ದರೆಂದು ಹೇಳುವ ಹಕ್ಕು ನನಗಿಲ್ಲ. ಆದರೆ ಅವರಿಗೆ ಒಂದು ಅವಕಾಶವನ್ನಾದರೂ ಕೊಡಬಹುದಿತ್ತು. ಕೊಡಲಿಲ್ಲ. ಅವರ ಮಾನ ಕಾಪಾಡಿದೆವೆಂದು ಎಲ್ಲರೂ ತಿಳಿದರು. ಮಾನ ಕಾಪಾಡಿಸಿಕೊಳ್ಳಲು ಅವರು ಉಳಿಯಲಿಲ್ಲ.

ಇದು ನಮ್ಮ ಹಳ್ಳಿಗಾಡಿನ ಮೌಢ್ಯ ಎಂದು ಮೂಗು ಮುರಿಯುವವರಿಗೆ ಇನ್ನೆರಡು ಲೆಕ್ಕ. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಕುಸಿದ ಗಂಡಸರಲ್ಲಿ ನೂರಕ್ಕೆ 45 ಜನರಿಗೆ ಸುತ್ತಲಿನವರು ಎದೆ ಒತ್ತಿದ್ದರು, ಹೆಂಗಸರಲ್ಲಿ ನೂರಕ್ಕೆ 39 ಜನರಿಗೆ ಮಾತ್ರ. ಜಪಾನಿನಲ್ಲಿ 2008ರಿಂದ 2015ರವರೆಗೆ ಶಾಲೆಗಳಲ್ಲಿ ಕುಸಿದ ವಿದ್ಯಾರ್ಥಿಗಳ ಲೆಕ್ಕ ನೋಡಿದಾಗ, ಹೈಸ್ಕೂಲು ವಯಸ್ಸಿನ ಹುಡುಗರಲ್ಲಿ ನೂರಕ್ಕೆ 83 ಮಂದಿಗೆ ಎಇಡಿಯ ಪ್ಯಾಡು ಅಂಟಿಸಿದ್ದರು, ಹುಡುಗಿಯರಲ್ಲಿ ನೂರಕ್ಕೆ 56 ಮಂದಿಗೆ. ಯಂತ್ರ ಅದೇ, ಶಾಲೆ ಅದೇ, ಮೇಷ್ಟ್ರುಗಳೂ ಅವರೇ. ಅಂಗಿಯ ಗುಂಡಿ ಮಾತ್ರ ಹುಡುಗಿಯದು. ತರಬೇತಿಗೆ ತರುವ ಬೊಂಬೆಗಳೂ ಬಹುಪಾಲು ಗಂಡಿನ ಎದೆಯವೇ. ರವಿಕೆ, ಬ್ರಾ, ಮಂಗಳಸೂತ್ರ, ಅದರ ಮೇಲೊಂದು ಸೇಫ್ಟಿ ಪಿನ್ನು ಇವೆಲ್ಲ ಇರುವ ಎದೆಯೊಂದು ಲೋಕದಲ್ಲಿದೆ ಎಂಬುದು ತರಬೇತಿ ಕೊಡುವವರಿಗೆ ಗೊತ್ತೇ ಇಲ್ಲವೇನೋ!

ಆದ್ದರಿಂದ ನಾವೇ ತಿಳಿದುಕೊಳ್ಳೋಣ. ಪ್ಯಾಡು ಬರಿಯ ಚರ್ಮಕ್ಕೆ ಅಂಟಬೇಕು. ರವಿಕೆ ಬಿಚ್ಚಲು ಆಗದಿದ್ದರೆ ಕತ್ತರಿಸಬೇಕು; ಎಇಡಿಯ ಜೊತೆಗೆ ಒಂದು ಕತ್ತರಿ, ಒರೆಸಲು ಒಂದು ಬಟ್ಟೆ ಇರಬೇಕು. ಬ್ರಾ ಅಡ್ಡ ಬಂದರೆ ಅದನ್ನೂ ಸರಿಸಬೇಕು ಅಥವಾ ಕತ್ತರಿಸಬೇಕು. ತಾಳಿಯನ್ನು ಕಿತ್ತುಹಾಕಬೇಕಾಗಿಲ್ಲ, ಪ್ಯಾಡಿನಿಂದ ದೂರಕ್ಕೆ ಸರಿಸಿದರೆ ಸಾಕು. ಬೆವರಿದ್ದರೆ ಒರೆಸಬೇಕು. ಬಸುರಿಗೂ ಇದನ್ನು ಬಳಸಬಹುದು, ಬಳಸಬೇಕು. ತಾಯಿ ಉಳಿದರೆ ತಾನೇ ಮಗು? ಪ್ಯಾಡು ಅಂಟಿಸಿದಮೇಲೆ ಮೇಲೊಂದು ಶಾಲು ಹೊದಿಸಬಹುದು. ಸೆರಗು ಹಿಡಿದು ಮರೆ ಮಾಡುವ ಹೆಂಗಸರು ಮರೆ ಮಾಡಲಿ, ಬೆನ್ನು ಒಳಗೆ ಮಾಡಿ, ಮುಖ ಹೊರಗೆ ಮಾಡಿ ನಿಲ್ಲಲಿ. ಒಳಗೆ ಕೆಲಸ ನಡೆಯಲಿ. ಮಾಡುವವರು ಗಂಡಸೋ ಹೆಂಗಸೋ ಎಂದು ಕೇಳುವ ಸಮಯ ಅದಲ್ಲ.

ಶಾಲೆಯ ಮಾತು ಬಂತಲ್ಲ, ಅದನ್ನು ಪೂರ್ತಿ ಹೇಳುತ್ತೇನೆ. 2011ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಸೈತಾಮಾ ಎಂಬಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ಓಟದ ಅಭ್ಯಾಸ ಮುಗಿಸಿ ಕುಸಿದಳು. ಶಾಲೆಯಲ್ಲಿ ಎಇಡಿ ಇತ್ತು. ಅದನ್ನು ತರಲಿಲ್ಲ. ಅವಳು ಉಸಿರಾಡುತ್ತಿದ್ದಾಳೆ ಎಂದು ಶಿಕ್ಷಕರು ತಿಳಿದರು. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ದೇಹ ಎಳೆದೆಳೆದು ಏದುಸಿರು ಬಿಡುವುದುಂಟು, ಕೈಕಾಲು ಅದುರುವುದೂ ಉಂಟು. ಅದು ಉಸಿರಾಟವಲ್ಲ, ನಮ್ಮಲ್ಲಿ ಮೂರ್ಛೆರೋಗ ಎಂದುಕೊಳ್ಳುವುದೂ ಅದನ್ನೇ. ಮರುದಿನ ಆ ಮಗು ತೀರಿಕೊಂಡಿತು. ಆದರೆ ಆ ಊರಿನವರು ಕೇಸು, ಜಗಳ ಎಂದು ನಿಲ್ಲಲಿಲ್ಲ. ಮಗುವಿನ ಹೆತ್ತವರೂ ಶಿಕ್ಷಣ ಇಲಾಖೆಯೂ ಕೂಡಿ ಕುಳಿತು, ಶಿಕ್ಷಕರಿಗಾಗಿ ಒಂದು ಕೈಪಿಡಿಯನ್ನು 2012ರಲ್ಲಿ ಮಗುವಿನ ಹೆಸರಿನಲ್ಲೇ ತಂದರು. ಅದರ ಸಾರ ಇಷ್ಟೇ: ಉಸಿರಿದೆಯೋ ಇಲ್ಲವೋ ಎಂದು ಅನುಮಾನ ಬಂದರೆ ಇಲ್ಲವೆಂದೇ ತಿಳಿಯಿರಿ, ಎದೆ ಒತ್ತಲು ಶುರು ಮಾಡಿ, ಎಇಡಿ ತರಿಸಿ. ಈ ಸಾಲನ್ನು ನಮ್ಮ ಪ್ರತಿಯೊಂದು ಸ್ಟಾಫ್ ರೂಮಿನ ಗೋಡೆಯ ಮೇಲೂ ಬರೆಸಬೇಕು ಎನ್ನುತ್ತೇನೆ ನಾನು.

ಇಂಗ್ಲೆಂಡಿನಲ್ಲಿ ಎದೆ ಒತ್ತುವುದನ್ನು 2020ರ ಸೆಪ್ಟೆಂಬರಿನಿಂದ ಶಾಲೆಯ ಪಾಠದಲ್ಲೇ ಸೇರಿಸಿದರು. 2023ರ ಹೊತ್ತಿಗೆ ಅಲ್ಲಿನ ಸರ್ಕಾರ 20,000ಕ್ಕೂ ಹೆಚ್ಚು ಎಇಡಿಗಳನ್ನು ಸರ್ಕಾರಿ ಶಾಲೆಗಳಿಗೆ ಹಂಚಿ ಮುಗಿಸಿತು. ಡೆನ್ಮಾರ್ಕಿನಲ್ಲಿ ಶಾಲೆಯಲ್ಲೂ, ಡ್ರೈವಿಂಗ್ ಲೈಸೆನ್ಸಿಗೂ ಇದನ್ನು ಕಲಿಯಲೇಬೇಕೆಂದು ಮಾಡಿದರು. 2001ರಲ್ಲಿ ಅಲ್ಲಿ ಕುಸಿದವರಲ್ಲಿ ನೂರಕ್ಕೆ 21 ಜನರಿಗೆ ಮಾತ್ರ ದಾರಿಹೋಕರ ನೆರವು ಸಿಗುತ್ತಿತ್ತು, 2010ಕ್ಕೆ ಅದು 45 ಆಯಿತು. ತಿಂಗಳ ನಂತರವೂ ಬದುಕಿ ಉಳಿದವರು ನೂರಕ್ಕೆ ಮೂರೂವರೆ ಇದ್ದದ್ದು ಹತ್ತು ದಾಟಿತು. ಬರಿಯ ಯಂತ್ರದಿಂದ ಆದದ್ದಲ್ಲ ಅದು. ಕಲಿತ ಕೈಗಳಿಂದ ಆದದ್ದು.

ನಮ್ಮಲ್ಲಿ? 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಇಡೀ ನಾಡು ಅತ್ತಿತು. ವಯಸ್ಸು 46. ಅವರ ಹೆಸರಿನಲ್ಲಿ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಂದ ಓದಿಸುವುದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಬಿಟ್ಟಿಯಾಗಿ ಕೊಡುವುದು, ಇವು ನಿಜಕ್ಕೂ ಒಳ್ಳೆಯ ಕೆಲಸಗಳು. ಸಾರ್ವಜನಿಕ ಸ್ಥಳಗಳಲ್ಲಿ ಎಇಡಿ ಇಡುವ ಮಾತನ್ನೂ ಸರ್ಕಾರ ಆಡಿದೆ. 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಜನ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಸಾಲು ನಿಂತರು. ಎದೆ ಪರೀಕ್ಷೆ ಮಾಡಿಸಿಕೊಳ್ಳಲು ಅಷ್ಟು ಜನ ಸಾಲು ನಿಂತರಲ್ಲ, ಪಕ್ಕದವರ ಎದೆ ಒತ್ತುವುದನ್ನು ಕಲಿಯಲು ಎಲ್ಲಾದರೂ ಒಂದು ಸಾಲು ಕಂಡಿರಾ?

‘ಮೊದಲು ತಾಲ್ಲೂಕು ಆಸ್ಪತ್ರೆಗೆ ಡಾಕ್ಟರು ಕೊಡಿ, ಆಮೇಲೆ ಗೋಡೆಗೆ ಯಂತ್ರ’ ಎಂದು ವಾದಿಸುವವರಿದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕುಸಿಯುವವರಲ್ಲಿ ಹೆಚ್ಚಿನವರು ಕುಸಿಯುವುದು ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಲ್ಲ, ಎಂಬುದೂ ನಿಜ. ಪ್ರತಿ ಮನೆಗೂ ಯಂತ್ರ ಕೊಡಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಅದಕ್ಕೇ ನಾನು ಹೇಳುವುದು: ಮೊದಲು ಕೈ, ಆಮೇಲೆ ಯಂತ್ರ. ಮನೆಯಲ್ಲಿ ಗಂಡ, ಮಾವ, ಅತ್ತೆ ಕುಸಿದಾಗ ಪಕ್ಕದಲ್ಲಿ ಇರುವವರು ಎಷ್ಟೋ ಸಲ ನಾವು ಹೆಂಗಸರೇ. 108ಕ್ಕೆ ಫೋನು ಮಾಡಿ, ಫೋನಿನ ಸ್ಪೀಕರು ಹಾಕಿ ಪಕ್ಕಕ್ಕಿಟ್ಟು, ಎದೆಯ ನಡುವೆ ಅಂಗೈ ಊರಿ, ಅದರ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಬಗ್ಗಿಸದೆ, ನಿಮಿಷಕ್ಕೆ 100ರಿಂದ 120 ಸಲ, ಎರಡು ಅಂಗುಲ ಆಳಕ್ಕೆ ಒತ್ತಬೇಕು. ಬಾಯಿಗೆ ಬಾಯಿಟ್ಟು ಊದಲು ಹಿಂಜರಿಕೆಯಾದರೆ ಬೇಡ, ಬರೀ ಒತ್ತಿದರೂ ಸಾಕು ಎಂದು ನಮ್ಮ ದೇಶದ ತಜ್ಞರೇ ಸಾಮಾನ್ಯ ಜನರಿಗೆಂದು ಕ್ರಮ ಮಾಡಿಕೊಟ್ಟಿದ್ದಾರೆ. ರಾಗಿ ಮುದ್ದೆ ತೊಳಸುವ ತೋಳಿಗೆ, ಬಾವಿ ನೀರು ಸೇದಿದ ತೋಳಿಗೆ ಇದು ಆಗದ ಕೆಲಸವೇ?

ಆದರೆ ಕೈ ಮಾತ್ರ ಸಾಕೆನ್ನುವುದೂ ತಪ್ಪು. ಎದೆ ಒತ್ತುವುದು ಹೊತ್ತು ಉಳಿಸುತ್ತದೆ. ಅದುರುವ ಹೃದಯವನ್ನು ಲಯಕ್ಕೆ ತರಲು ಷಾಕ್ ಬೇಕು. ಡಾಕ್ಟರು ಬೇಕು, ಯಂತ್ರವೂ ಬೇಕು. ಹಣ ಎಲ್ಲಿಂದ ಎಂದು ಕೇಳುವ ಊರಿನಲ್ಲೇ ಸ್ವಾಗತ ಕಮಾನಿಗೆ, ಫ್ಲೆಕ್ಸಿಗೆ, ನಿಂತುಹೋದ ಗಡಿಯಾರದ ಗೋಪುರಕ್ಕೆ ಹಣ ಸಿಗುತ್ತದೆ. ಪಟ್ಟಣದ ದೊಡ್ಡ ಕಲ್ಯಾಣ ಮಂಟಪಗಳ ಎರಡು ಮೂರು ದಿನದ ಬಾಡಿಗೆಯಲ್ಲಿ ಒಂದು ಎಇಡಿ ಬರುತ್ತದೆ. ಲೈಸೆನ್ಸು ಕೊಡುವಾಗ ಬೆಂಕಿಯ ಸಿಲಿಂಡರು ಕೇಳುವ ಪುರಸಭೆ ಇದನ್ನೂ ಕೇಳಲಿ.

ಕೊಳ್ಳುವಾಗ ಏನು ನೋಡಬೇಕು? ದಾನ ಕೊಡುವ ಸಂಘ ಸಂಸ್ಥೆಗಳಲ್ಲಿ, ಅಪಾರ್ಟ್‌ಮೆಂಟ್ ಕಮಿಟಿಗಳಲ್ಲಿ, ಶಾಲೆಯ ಆಡಳಿತ ಮಂಡಳಿಗಳಲ್ಲಿ ಇರುವ ಸೋದರಿಯರು ದಯವಿಟ್ಟು ಇದನ್ನು ಗಮನಿಸಿ. ಬೆಳ್ಳಿ ಲೋಟ ಕೊಳ್ಳುವಾಗ ನಾವು ಎಷ್ಟು ಅಂಗಡಿ ಹತ್ತಿ ಇಳಿಯುತ್ತೇವೆ? ಇದಕ್ಕೂ ಅಷ್ಟೇ ಚೌಕಾಸಿ ಇರಲಿ. ಮೊದಲನೆಯ ಪ್ರಶ್ನೆ, ಯಂತ್ರ ಕನ್ನಡದಲ್ಲಿ ಮಾತಾಡುತ್ತದೆಯೇ? ‘ಅಪ್ಲೈ ಪ್ಯಾಡ್ಸ್’ ಎಂದು ಅಮೆರಿಕದ ದನಿಯಲ್ಲಿ ಅದು ಕೂಗಿದರೆ ನಮ್ಮ ಹೂವಿನವಳು ಏನು ಮಾಡಬೇಕು? ಕನ್ನಡ ಬರುವ ಯಂತ್ರ ಕೊಡಿ, ಇಲ್ಲದಿದ್ದರೆ ಬೇಡ ಎಂದು ಹತ್ತು ಗಿರಾಕಿಗಳು ಪಟ್ಟು ಹಿಡಿದರೆ ಕಂಪನಿಗಳು ತಾವಾಗಿ ಕನ್ನಡ ಕಲಿಯುತ್ತವೆ. ಚಿತ್ರಗಳು ಓದು ಬಾರದವರಿಗೂ ತಿಳಿಯುವಂತಿವೆಯೇ ಎಂದೂ ನೋಡಿ. ಎರಡನೆಯದು, ಪ್ಯಾಡಿನ ಮೇಲಿನ ತಾರೀಖು. ಪ್ಯಾಡಿನ ಅಂಟು ಒಣಗುತ್ತದೆ, ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಬ್ಯಾಟರಿ ನಾಲ್ಕೈದು ವರ್ಷ ಬರುತ್ತದೆ. ಯಂತ್ರದ ಬೆಲೆ ಕೇಳಿದಂತೆ ಪ್ಯಾಡಿನ ಬೆಲೆ, ಬ್ಯಾಟರಿಯ ಬೆಲೆಯನ್ನೂ ಕೇಳಿ ಬರೆಸಿಕೊಳ್ಳಿ. ಅಗ್ಗದ ಯಂತ್ರ ಕೊಟ್ಟು ಪ್ಯಾಡಿನಲ್ಲಿ ಸುಲಿಯುವವರು ಇರುತ್ತಾರೆ. ಮೂರನೆಯದು, ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಪರವಾನಗಿ ಇದೆಯೇ, ರಿಪೇರಿಗೆ ಬರುವವನು ನಮ್ಮ ರಾಜ್ಯದಲ್ಲಿದ್ದಾನೆಯೇ? ನಾಲ್ಕನೆಯದು, ದೂಳು ನೀರು ತಡೆಯುತ್ತದೆಯೇ? ಐಪಿ55 ಎಂಬ ಗುರುತಿದ್ದರೆ ದೂಳಿಗೂ ನೀರೆರಚಲಿಗೂ ಹೆದರಬೇಕಾಗಿಲ್ಲ. ಆದರೂ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನೇರ ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ. ಐದನೆಯದು, ಮಕ್ಕಳಿಗೆ ಬಳಸುವ ಗುಂಡಿಯೋ ಪ್ಯಾಡೋ ಇದೆಯೇ? ಇಲ್ಲದಿದ್ದರೆ ತುರ್ತಿನಲ್ಲಿ ದೊಡ್ಡವರ ಪ್ಯಾಡನ್ನೇ ಬಳಸಬಹುದು. ಪುಟ್ಟ ಮಗುವಾದರೆ ಒಂದು ಎದೆಗೆ, ಒಂದು ಬೆನ್ನಿಗೆ.

ಇನ್ನು ಇಡುವ ಜಾಗ. ಜನ ಸೇರುವ ಕಡೆಯಲ್ಲಿ, ಓಡಿ ಹೋಗಿ ತರಲು ಒಂದೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಯದ ದೂರದಲ್ಲಿ, ಕುಳ್ಳಗಿನ ಹೆಂಗಸಿನ ಕೈಗೂ ಎಟಕುವ ಎತ್ತರದಲ್ಲಿ, ರಾತ್ರಿಯೂ ತೆರೆದಿರುವ ಕಡೆ ಇಡಬೇಕು. ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿ, ಪೊಲೀಸ್ ಠಾಣೆಯ ಹೊರಗೋಡೆ, ದೇವಸ್ಥಾನದ ಪ್ರಸಾದದ ಕೌಂಟರು, ಪೆಟ್ರೋಲ್ ಬಂಕು. ‘ಇಲ್ಲಿ ಹೃದಯಕ್ಕೆ ಷಾಕ್ ಕೊಡುವ ಯಂತ್ರವಿದೆ, ಯಾರು ಬೇಕಾದರೂ ಬಳಸಬಹುದು’ ಎಂದು ದೊಡ್ಡಕ್ಷರದಲ್ಲಿ ಕನ್ನಡದ ಬೋರ್ಡು ಹಾಕಬೇಕು. ದಾನಿಗಳ ಹೆಸರು ಅದರ ಕೆಳಗೆ ಚಿಕ್ಕದಾಗಿ ಬರಲಿ. ತಾನೇ ತನ್ನನ್ನು ಪರೀಕ್ಷಿಸಿಕೊಂಡು ಹಸಿರು ದೀಪ ತೋರಿಸುವ ಯಂತ್ರಗಳಿವೆ. ತಿಂಗಳಿಗೊಮ್ಮೆ ಆ ದೀಪವನ್ನೂ ಪ್ಯಾಡಿನ ತಾರೀಖನ್ನೂ ನೋಡಿ ಸಹಿ ಹಾಕುವವರ ಹೆಸರು ಗೋಡೆಯ ಮೇಲೆ ಇರಲಿ. ‘ಎಲ್ಲರೂ ನೋಡಿಕೊಳ್ಳುತ್ತಾರೆ’ ಎಂದರೆ ಯಾರೂ ನೋಡುವುದಿಲ್ಲವೆಂದು ಮೂವತ್ತು ವರ್ಷ ಸ್ಕೂಲಿನ ನೀರಿನ ಟ್ಯಾಂಕು ನೋಡಿದ ನನಗೆ ಗೊತ್ತು.

‘ಹೆಚ್ಚು ಕಮ್ಮಿಯಾದರೆ ಪೊಲೀಸು, ಕೋರ್ಟು’ ಎಂಬ ಹೆದರಿಕೆಯೂ ಬೇಡ. ಪ್ರಜ್ಞೆಯಿಲ್ಲದವನ ಒಳಿತಿಗಾಗಿ, ಒಳ್ಳೆಯ ಮನಸ್ಸಿನಿಂದ, ಅವನ ಒಪ್ಪಿಗೆ ಪಡೆಯಲಾಗದ ಹೊತ್ತಿನಲ್ಲಿ ಮಾಡಿದ ಕೆಲಸಕ್ಕೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ರಕ್ಷಣೆ ಕೊಡುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಅದು 92ನೇ ಕಲಂ ಆಗಿತ್ತು. ರಸ್ತೆ ಅಪಘಾತದಲ್ಲಿ ನೆರವಾಗುವವರಿಗೆ ಮೋಟಾರು ವಾಹನ ಕಾಯ್ದೆಯಲ್ಲಿ 2019ರಲ್ಲಿ 134ಎ ಕಲಂ ಸೇರಿಸಿದರು. ತುರ್ತಿನಲ್ಲಿ ನೆರವಾಗುವವರ ರಕ್ಷಣೆಗೆಂದು ಕರ್ನಾಟಕದ 2016ರ ಕಾಯ್ದೆಯೂ ಇದೆ. ಇಷ್ಟೆಲ್ಲ ಇದ್ದೂ ಅದರ ಒಂದು ಸಾಲನ್ನು ಯಾವ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೂ ನಾನು ಓದಿಲ್ಲ. ‘ಉಗುಳಿದರೆ ದಂಡ’ ಎಂಬುದನ್ನು ಮಾತ್ರ ಎಲ್ಲೆಲ್ಲೂ ಓದಿದ್ದೇನೆ.

ಹೀಗೆಲ್ಲ ಬರೆದ ಮೇಲೆ, ‘ನಾವೇನು ಮಾಡಲಾದೀತು, ಮನೆಯೊಳಗಿರುವವರು’ ಎಂದು ಯಾರೂ ಹೇಳಬೇಡಿ. ಮಹಿಳಾ ಮಂಡಳಿಗಳಿವೆ, ಸ್ತ್ರೀಶಕ್ತಿ ಸಂಘಗಳಿವೆ, ಭಜನಾ ಮಂಡಳಿಗಳಿವೆ. ಶ್ರಾವಣದ ಒಂದು ಶುಕ್ರವಾರ ಅರಿಶಿನ ಕುಂಕುಮಕ್ಕೆ ಕರೆದಾಗ, ಆಸ್ಪತ್ರೆಯ ನರ್ಸಮ್ಮನನ್ನೂ ಕರೆಯಿರಿ. ಒಂದು ಗಂಟೆ ನೆಲದ ಮೇಲೆ ಬೊಂಬೆ ಮಲಗಿಸಿ ಎಲ್ಲರಿಗೂ ಎದೆ ಒತ್ತಿಸಿ ಕಲಿಸಲಿ. ಬೊಂಬೆಗೆ ಒಂದು ಹಳೆಯ ರವಿಕೆ ತೊಡಿಸಿ, ಕತ್ತರಿಯನ್ನೂ ಕೈಗೆ ಕೊಡಲಿ. ಮುಂದಿನ ಸಲ ಬ್ಯಾಂಕಿಗೆ, ಕಲ್ಯಾಣ ಮಂಟಪಕ್ಕೆ, ಮಗಳ ಕಾಲೇಜಿಗೆ ಹೋದಾಗ ಕೌಂಟರಿನಲ್ಲಿ ನಿಂತು ಮೂರು ಪ್ರಶ್ನೆ ಕೇಳಿ: ಎಇಡಿ ಇದೆಯೇ? ಎಲ್ಲಿದೆ, ಬೀಗ ಹಾಕಿದೆಯೇ? ಪ್ಯಾಡಿನ ತಾರೀಖು ಯಾವುದು? ಮೊದಲ ದಿನ ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ಒಬ್ಬಳೇ ಕೇಳಿದರೆ ತಲೆಹರಟೆ ಎನ್ನುತ್ತಾರೆ. ಒಂದು ತಿಂಗಳಲ್ಲಿ ಹತ್ತು ಜನ ಕೇಳಿದರೆ ಸಾಹೇಬರು ಬೀರುವಿನ ಬಾಗಿಲು ತೆಗೆಸುತ್ತಾರೆ. ನಮ್ಮೂರಿನ ಆ ಕಚೇರಿಗೆ ನಾನು ಅರ್ಜಿ ಕೊಟ್ಟಿದ್ದೇನೆ, ಕೆಳಗೆ ಸಹಿಗಳಿಗೆ ಜಾಗ ಬಿಟ್ಟಿದ್ದೇನೆ. ಇಲ್ಲಿಯವರೆಗೆ ನಲವತ್ತೊಂದು ಸಹಿ ಆಗಿವೆ, ಅವುಗಳಲ್ಲಿ ಮೂವತ್ತೆಂಟು ಹೆಂಗಸರವು.